‘ತಾಯಿಯ ಆಹಾರ: ಸಾಮಾನ್ಯ’ — ಒಂದು ಕೇಸ್ ಶೀಟಿನ ವ್ಯಾಖ್ಯಾನ

ಹಳಗನ್ನಡ ಕಾವ್ಯಕ್ಕೆ ಟೀಕೆ ಬರೆಯುವವರು ಮೊದಲು ಮೂಲಪಾಠ ಎಲ್ಲಿಯದು ಎಂದು ಹೇಳಿಬಿಡುತ್ತಾರೆ. ನನ್ನ ಮೂಲಪಾಠ ಒಂದು ಕೇಸ್ ಶೀಟು. ಇಂಥವು ಇಂಗ್ಲಿಷಿನಲ್ಲಿ, ಕೋಳಿಕಾಲಿನ ಅಕ್ಷರದಲ್ಲಿ ಇರುತ್ತವೆ; ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ. ಇದು ಯಾವುದೋ ಒಂದು ಮಗುವಿನದಲ್ಲ. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರಲ್ಲ, ಹಾಗೆ ಮಕ್ಕಳ ವಾರ್ಡಿನಲ್ಲಿ ಒಂದೇ ಕಥೆ ಹೇಳುವ ಅನೇಕ ಚೀಟಿಗಳಿಂದ ಪಾಠ ಹೇಳುವ ಸಲುವಾಗಿ ಹೊಲಿದದ್ದು. ಒಟ್ಟು ಹನ್ನೆರಡು ಸಾಲು. ಹೆಚ್ಚಿನವನ್ನು ಯಂತ್ರಗಳು, ಸೂಜಿ, ಸ್ಟೆತಾಸ್ಕೋಪು ಬರೆಸುತ್ತವೆ. ಒಂದನ್ನು ಸರಿಯಾಗಿ ಬರೆಯಲು ಬೇಕಾದದ್ದು ಬರೀ ಕಿವಿ. ಎಡವುವುದು ಅಲ್ಲೇ.

1. “ಗಂಡು ಶಿಶು. 3 ತಿಂಗಳು. ತೂಕ 5.9 ಕೆ.ಜಿ. ಎದೆಹಾಲು ಮಾತ್ರ.”

ಪೌಷ್ಟಿಕಾಂಶದ ಕೊರತೆ ಎಂದಕೂಡಲೇ ಪಕ್ಕೆಲುಬು ಎಣಿಸುವಂಥ ಮಗು ಕಣ್ಣಮುಂದೆ ಬರುತ್ತದೆ. ಈ ಮಗು ಹಾಗಿಲ್ಲ. ತೂಕ ವಯಸ್ಸಿಗೆ ಒಪ್ಪುವಂತೆಯೇ ಇದೆ, ಕೆನ್ನೆ ತುಂಬಿಕೊಂಡಿದೆ, ದೃಷ್ಟಿಬೊಟ್ಟು ಇಡಿಸಿಕೊಳ್ಳುವಷ್ಟು ಚೆನ್ನಾಗಿದೆ. ತೂಕದ ಯಂತ್ರ, ತೋಳಿನ ಸುತ್ತಳತೆಯ ಪಟ್ಟಿ, ಬೆಳವಣಿಗೆಯ ನಕ್ಷೆ ಎಲ್ಲವೂ ಒಟ್ಟಾಗಿ ಈ ಮಗುವಿಗೆ ಕೊರತೆಯಿಲ್ಲ ಎಂದೇ ಸಾಕ್ಷಿ ಹೇಳುತ್ತವೆ. ಅವು ಸುಳ್ಳು ಹೇಳುತ್ತಿಲ್ಲ. ಒಲೆಯಲ್ಲಿ ಸೌದೆ ಸಾಕಷ್ಟಿದೆ, ಇಲ್ಲದ್ದು ಬೆಂಕಿಕಡ್ಡಿ. ಸೌದೆ ತೂಗುವ ತಕ್ಕಡಿಗೆ ಬೆಂಕಿಕಡ್ಡಿಯ ಲೆಕ್ಕ ತಿಳಿಯುವುದಿಲ್ಲ.

ಈ ಸಾಲಿನ ಜೀವ ಇರುವುದು ‘ಮಾತ್ರ’ ಎಂಬ ಕೊನೆಯ ಪದದಲ್ಲಿ. ಮೂರು ತಿಂಗಳ ಕೂಸಿಗೆ ಎದೆಹಾಲು ಮಾತ್ರ ಕೊಡಬೇಕು, ಆರು ತಿಂಗಳು ತುಂಬುವವರೆಗೂ ಅಷ್ಟೇ ಕೊಡಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಮಾತ್ರ’ ಎಂದು ಬರೆದ ಕ್ಷಣದಲ್ಲಿ ಈ ಮಗುವಿನ ಆಹಾರದ ವಿವರವೆಲ್ಲ ಇನ್ನೊಬ್ಬರ ಊಟದ ತಟ್ಟೆಗೆ ವರ್ಗವಾಯಿತು. ಥಯಾಮಿನ್, ಅಂದರೆ ಬಿ1 ಜೀವಸತ್ವವನ್ನು ದೇಹ ಕೂಡಿಡುವುದಿಲ್ಲ. ದೊಡ್ಡವರ ಮೈಯಲ್ಲೇ ಎಲ್ಲ ಸೇರಿ 25-30 ಮಿಲಿಗ್ರಾಂ ಇದ್ದೀತು. ಊಟದಲ್ಲಿ ಬರದಿದ್ದರೆ ಎರಡು ಮೂರು ವಾರದಲ್ಲಿ ಬರಿದು. ಗರ್ಭದಲ್ಲಿದ್ದಾಗ ತಾಯಿಯಿಂದ ಪಡೆದದ್ದು ಮುಗಿದು, ಹಾಲಿನಲ್ಲಿ ಬರಬೇಕಾದದ್ದು ಬರದೆ ಹೋದರೆ ಮಗು ನೆಲ ಕಚ್ಚುವುದು ಎರಡರಿಂದ ನಾಲ್ಕು ತಿಂಗಳ ನಡುವೆ. ವಯಸ್ಸು, ‘ಮಾತ್ರ’ ಎಂಬ ಪದ, ಇವೆರಡೇ ಅರ್ಧ ರೋಗನಿರ್ಣಯ. ಆದರೂ ಈ ಸಾಲನ್ನು ಎಲ್ಲರೂ ದಾಟಿ ಹೋಗುತ್ತಾರೆ, ಹೊಸಿಲು ದಾಟಿದ ಹಾಗೆ.

2. “ಎರಡು ದಿನದಿಂದ ಹಾಲು ಸರಿಯಾಗಿ ಕುಡಿಯುತ್ತಿಲ್ಲ, ವಾಂತಿ, ನರಳಿಕೆ. ಇಂದು ಬೆಳಗಿನಿಂದ ಏದುಸಿರು.”

ಇದರಲ್ಲಿ ವಿಶೇಷವೇನೂ ಇಲ್ಲ. ಕಾಯಿಲೆಬಿದ್ದ ಎಲ್ಲ ಕೂಸುಗಳೂ ಇಷ್ಟನ್ನೇ ಮಾಡುತ್ತವೆ. ನ್ಯುಮೋನಿಯಾ, ರಕ್ತದಲ್ಲಿ ಸೋಂಕು, ಹುಟ್ಟಿನಿಂದ ಬಂದ ಹೃದಯದ ದೋಷ, ಯಾವುದಕ್ಕಾದರೂ ಹೊಂದುತ್ತದೆ. ಮುಂದಿನ ಸಾಲಿಗೆ ಹೋಗೋಣ.

3. “ಅಳುವಿನ ದನಿ ಬದಲಾಗಿದೆ (ತಾಯಿಯ ಹೇಳಿಕೆ).”

“ಕೂಸಿನ ದನಿ ಬಿದ್ದೈತ್ರಿ. ಬಾಯಿ ತೆರೀತೈತಿ, ಕಣ್ಣಾಗ ನೀರು ಬರ್ತಾವು, ಅಳೂದು ಮಾತ್ರ ಕೇಳಿಸ್ವಲ್ದು.” ಹೀಗೆ ಹೇಳುವ ತಾಯಂದಿರು ಬೀದರಿನಿಂದ ಹಾವೇರಿಯವರೆಗೂ ಸಿಗುತ್ತಾರೆ. ಕೇಳಿಸಿಕೊಂಡ ವೈದ್ಯ “ಗಂಟಲು ಕಟ್ಟಿದೆ” ಎಂದುಕೊಳ್ಳುತ್ತಾನೆ. ನೆಗಡಿಯ ಖಾತೆಗೆ ಹಾಕುತ್ತಾನೆ.

ದನಿಪೆಟ್ಟಿಗೆಯನ್ನು ಆಡಿಸುವ ನರ ಎದೆಯೊಳಗೆ ಇಳಿದು ಸುತ್ತುಹಾಕಿ ಮತ್ತೆ ಕೊರಳಿಗೆ ಏರುತ್ತದೆ. ಥಯಾಮಿನ್ ಕೊರತೆಯಲ್ಲಿ ನರಗಳು ಸೊರಗುತ್ತವೆ, ಅದರ ಮೊದಲ ಗುರುತು ದನಿಯಲ್ಲಿ ಕಾಣಿಸಬಹುದು: ಒಡಕು, ಆಮೇಲೆ ಪಿಸುಗುಟ್ಟುವಿಕೆ, ಕೊನೆಗೆ ದನಿಯೇ ಇಲ್ಲದ ಅಳು. ಶಿಶುಗಳ ಬೆರಿಬೆರಿಯನ್ನು, ಅಂದರೆ ಥಯಾಮಿನ್ ಕೊರತೆಯ ಈ ಕಾಯಿಲೆಯನ್ನು, ಬಣ್ಣಿಸಿದ ಹಳೆಯ ವೈದ್ಯಗ್ರಂಥಗಳು ಇದನ್ನೊಂದು ಪ್ರತ್ಯೇಕ ಬಗೆಯೆಂದೇ ಲೆಕ್ಕ ಹಾಕಿದ್ದವು. ಈ ಮಗುವಿನದು ಹೃದಯದ ಬಗೆ, ದನಿಯ ಬಗೆ ಎರಡೂ ಬೆರೆತದ್ದು. ಹೀಗೆ ಬೆರೆತೂ ಬರುವುದುಂಟು.

ದಾಖಲೆಯ ದೃಷ್ಟಿಯಿಂದ ನನ್ನ ತಕರಾರು ಇರುವುದು ‘ಬದಲಾಗಿದೆ’ ಎಂಬ ಪದದ ಮೇಲೆ. ಏನಿತ್ತು, ಏನಾಯಿತು, ಎಂದಿನಿಂದ? ತಾಯಿ ಎರಡು ವಾಕ್ಯದಲ್ಲಿ ಚಿತ್ರ ಕೊಟ್ಟಳು. ನಾವು ಅದನ್ನು ಇಸ್ತ್ರಿ ಮಾಡಿ ಒಂದು ಸಪ್ಪೆ ಕ್ರಿಯಾಪದ ಉಳಿಸಿದೆವು. ಅವಳ ಮಾತನ್ನು ಅವಳ ಮಾತಿನಲ್ಲೇ, ಉದ್ಧರಣ ಚಿಹ್ನೆಯೊಳಗೆ ಬರೆದಿದ್ದರೆ ರಾತ್ರಿ ಪಾಳಿಗೆ ಬರುವ ವೈದ್ಯೆ ಓದಿ ಒಂದು ಕ್ಷಣ ನಿಲ್ಲುತ್ತಿದ್ದಳು.

4. “ನಾಡಿ 180. ಉಸಿರು ನಿಮಿಷಕ್ಕೆ 76. ಕೈಕಾಲು ತಣ್ಣಗೆ. ಪಿತ್ತಜನಕಾಂಗ ಪಕ್ಕೆಯ ಕೆಳಗೆ 4 ಸೆಂ.ಮೀ. ಜ್ವರವಿಲ್ಲ. ಎರಡೂ ಶ್ವಾಸಕೋಶ ಸ್ವಚ್ಛ.”

ಇಲ್ಲಿ ಬೆಲೆಯುಳ್ಳದ್ದು ಕೊನೆಯ ಎರಡು ‘ಇಲ್ಲ’ಗಳು. ಇಷ್ಟು ಏದುಸಿರು ಬಿಡುವ ಮಗುವಿನ ಎದೆಯಲ್ಲಿ ಗೊರಗೊರ ಶಬ್ದವಿಲ್ಲ, ಮೈ ಸುಡುತ್ತಿಲ್ಲ. ಹಾಗಾದರೆ ಉಸಿರು ಯಾಕೆ ಓಡುತ್ತಿದೆ? ಪಿತ್ತಜನಕಾಂಗ ಉತ್ತರ ಹೇಳುತ್ತದೆ: ಹೃದಯದ ಬಲಭಾಗ ಸೋತಿದೆ, ರಕ್ತ ಹಿಂದಕ್ಕೆ ನಿಂತಿದೆ. ಕಂಡದ್ದನ್ನು ಎಲ್ಲರೂ ಬರೆಯುತ್ತಾರೆ. ಹುಡುಕಿಯೂ ಕಾಣದ್ದನ್ನು ಬರೆಯುವವರು ಕಡಿಮೆ. ಈ ಚೀಟಿ ಬರೆದ ಹುಡುಗ ಬರೆದಿದ್ದಾನೆ. ಅವನಿಗೆ ಶಭಾಷ್ ಹೇಳಬೇಕು.

5. “ರಕ್ತದ ಪಿಎಚ್ 7.08. ಲ್ಯಾಕ್ಟೇಟ್ 11.”

ಪಿಎಚ್ 7.35ಕ್ಕಿಂತ ಕೆಳಗಿಳಿದರೆ ರಕ್ತದಲ್ಲಿ ಆಮ್ಲ ಮಿತಿಮೀರಿತು ಎಂದು ಅರ್ಥ. ಲ್ಯಾಕ್ಟೇಟ್ ಎರಡರ ಒಳಗಿರಬೇಕು. ಹನ್ನೊಂದು ಎಂದರೆ ಮೈಯೊಳಗೆ ಏನೋ ದೊಡ್ಡದಾಗಿ ಕೆಟ್ಟಿದೆ.

ನಾವು ತಿಂದ ಅನ್ನ ಗ್ಲುಕೋಸ್ ಆಗುತ್ತದೆ, ಗ್ಲುಕೋಸ್ ಒಡೆದು ಪೈರುವೇಟ್ ಆಗುತ್ತದೆ, ಪೈರುವೇಟ್ ಜೀವಕೋಶದ ಕುಲುಮೆಯೊಳಗೆ ಹೋಗಿ ಉರಿಯಬೇಕು. ಒಳಗೆ ಬಿಡುವ ಕಿಣ್ವಕ್ಕೆ ಥಯಾಮಿನ್ ಬೇಕೇಬೇಕು. ಹಿಟ್ಟಿನ ಗಿರಣಿಯ ಬೆಲ್ಟು ಹರಿದುಹೋದರೆ ಏನಾಗುತ್ತದೆ? ಜೋಳದ ಚೀಲಗಳು ಬರುತ್ತಲೇ ಇರುತ್ತವೆ, ಬಾಗಿಲಲ್ಲಿ ರಾಶಿಬೀಳುತ್ತವೆ, ಹಿಟ್ಟು ಮಾತ್ರ ಬರುವುದಿಲ್ಲ. ಆ ರಾಶಿಯೇ ಲ್ಯಾಕ್ಟೇಟ್. ಮೈಯಲ್ಲಿ ಎಂದೂ ವಿಶ್ರಾಂತಿಯಿಲ್ಲದ ಅಂಗ ಹೃದಯ. ಹಿಟ್ಟು ನಿಂತ ಬಿಸಿ ಮೊದಲು ಅದಕ್ಕೇ ತಟ್ಟುತ್ತದೆ.

ಸುಸ್ತಾಗಿ ಬಂದ ಮಗುವಿಗೆ ಮೊದಲು ಗ್ಲುಕೋಸ್ ಡ್ರಿಪ್ ಏರಿಸುವುದು ನಮ್ಮ ರೂಢಿ. ಬೆಲ್ಟು ಹರಿದ ಗಿರಣಿಗೆ ಇನ್ನಷ್ಟು ಚೀಲ ಹೊರಿಸಿದಂತೆ. ಬರುವಾಗ ಒಂದಿಷ್ಟು ಚೇತನವಿದ್ದ ಮಗು ಡ್ರಿಪ್ ಏರಿಸಿದ ಮೇಲೆ ಇನ್ನೂ ಕುಸಿಯಿತು ಎಂದು ಚೀಟಿಯಲ್ಲಿ ಕಂಡರೆ, ಆ ಕುಸಿತವೂ ಒಂದು ಸುಳಿವು. ಹಾಗೆಂದು ಸಕ್ಕರೆ ಅಂಶ ಇಳಿದಿದ್ದಾಗ ಗ್ಲುಕೋಸ್ ತಡೆಯಬಾರದು. ಜೊತೆಗೆ ಥಯಾಮಿನ್ ಕೊಡಬೇಕು, ಅಷ್ಟೇ.

6. “ಎಕೋ: ಹೃದಯದ ಬಲಕೋಣೆಗಳು ಹಿಗ್ಗಿವೆ. ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಅತಿ ಹೆಚ್ಚು. ರಚನೆಯಲ್ಲಿ ದೋಷವಿಲ್ಲ.”

ಹೃದಯದಲ್ಲಿ ರಂಧ್ರವಿಲ್ಲ, ನಾಳ ಅದಲುಬದಲಾಗಿಲ್ಲ, ಆದರೂ ಒತ್ತಡ ಏರಿ ಕೂತಿದೆ. ಇಂಥ ಶಿಶುಗಳು ಒಂದಾದ ಮೇಲೊಂದು ಬರುತ್ತಿದ್ದುದನ್ನು ಗಮನಿಸಿ, ಥಯಾಮಿನ್ ಕೊಟ್ಟು, ಒತ್ತಡ ಒಂದೆರಡು ದಿನದಲ್ಲಿ ಇಳಿದುಹೋಗುವುದನ್ನು ಎಕೋದಲ್ಲೇ, ಅಂದರೆ ಹೃದಯದ ಅಲ್ಟ್ರಾಸೌಂಡ್ ಚಿತ್ರದಲ್ಲೇ, ತೋರಿಸಿದವರಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮಕ್ಕಳ ವಿಭಾಗದವರು ಮುಖ್ಯರು. ಇನ್ನೂರಕ್ಕೂ ಹೆಚ್ಚು ಶಿಶುಗಳ ವಿವರ ಅವರ ವರದಿಯಲ್ಲಿದೆ. ಕಾಶ್ಮೀರದಿಂದಲೂ ಈಶಾನ್ಯ ರಾಜ್ಯಗಳಿಂದಲೂ ಇಂಥವೇ ವರದಿಗಳು ಬಂದಿವೆ. ಬೆರಿಬೆರಿ ಚರಿತ್ರೆಯ ಪುಸ್ತಕ ಸೇರಿತು ಎಂದುಕೊಂಡಿದ್ದ ನಮಗೆ ಅದು ಹೊಸ ರೂಪ ಹೊತ್ತು ಐಸಿಯು ಬಾಗಿಲಲ್ಲಿ ನಿಂತದ್ದು ಗೊತ್ತಾಗಲು ಎಕೋ ಯಂತ್ರ ಬೇಕಾಯಿತು. ಅದೇನೂ ಹೆಮ್ಮೆಯ ಸಂಗತಿಯಲ್ಲ.

7. “ತಾಯಿಯ ಆಹಾರ: ಸಾಮಾನ್ಯ.”

ನಾನು ಮೊದಲೇ ಹೇಳಿದ ತಪ್ಪು ಸಾಲು ಇದು. ಆಸ್ಪತ್ರೆಯ ಕಾಗದಗಳಲ್ಲಿ ‘ಸಾಮಾನ್ಯ’ದಷ್ಟು ಸುಳ್ಳು ಹೇಳುವ ಪದ ಇನ್ನೊಂದಿಲ್ಲ.

ಸುಳ್ಳು ಹುಟ್ಟುವ ರೀತಿ ನೋಡಿ. ವೈದ್ಯ ಕೇಳುತ್ತಾನೆ: “ಊಟ ಸರಿಯಾಗಿ ಮಾಡ್ತೀಯೇನಮ್ಮ?” ಪಕ್ಕದಲ್ಲಿ ಅತ್ತೆಯೋ ತಾಯಿಯೋ ನಿಂತಿದ್ದಾಳೆ. ಬಾಣಂತಿ ಏನು ಹೇಳಬೇಕು? “ಹೂಂ ರೀ, ಮಾಡ್ತೀನಿ.” ಆಕೆ ಹೇಳಿದ್ದು ನಿಜ. ಮೂರು ಹೊತ್ತು ಹೊಟ್ಟೆತುಂಬ ಉಣ್ಣುತ್ತಾಳೆ. ಪ್ರಶ್ನೆಯೇ ತಪ್ಪಿದಾಗ ನಿಜವಾದ ಉತ್ತರದಿಂದಲೂ ಸುಳ್ಳು ದಾಖಲೆ ತಯಾರಾಗುತ್ತದೆ.

ಸರಿಯಾದ ಪ್ರಶ್ನೆ ಬೇರೆ. ನಿನ್ನೆ ಮುಂಜಾನೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು ಬಾಯಿಗೆ ಹೋಯಿತು, ಒಂದೊಂದಾಗಿ ಹೇಳು. ಇದು ಮೊದಲನೆಯದು. ಎರಡನೆಯದು ಇನ್ನೂ ಮುಖ್ಯ: ಹೆರಿಗೆಗೆ ಮುಂಚೆ ತಿನ್ನುತ್ತಿದ್ದದ್ದರಲ್ಲಿ ಈಗ ಏನೇನು ಬಿಟ್ಟಿದ್ದೀ? ಪಥ್ಯ ಅಡಗಿರುವುದು ತಟ್ಟೆಯಲ್ಲಿ ಇಲ್ಲದ ಪದಾರ್ಥಗಳಲ್ಲಿ. ಮೂರನೆಯದನ್ನು ಅಡುಗೆ ಮಾಡುವವರಿಗೇ ಕೇಳಬೇಕು: ಅಕ್ಕಿ ಎಷ್ಟು ಸಲ ತೊಳೆಯುತ್ತೀರಿ, ಅನ್ನ ಬಸಿಯುತ್ತೀರಾ? ಈ ಮೂರಕ್ಕೆ ಹಿಡಿಯುವ ಹೊತ್ತು ಐದು ನಿಮಿಷ.

ನಮ್ಮ ಚೀಟಿಯಲ್ಲಿ ರಾತ್ರಿ ಪಾಳಿಯ ವೈದ್ಯೆ ಆ ಐದು ನಿಮಿಷ ಕೊಟ್ಟಳು. ‘ಸಾಮಾನ್ಯ’ದ ಮೇಲೆ ಒಂದೇ ಗೆರೆ ಎಳೆದು, ಕೆಳಗೆ ಸಹಿ, ವೇಳೆ ಹಾಕಿ ಹೀಗೆ ಬರೆದಳು: “ಹೆರಿಗೆಯಾದಂದಿನಿಂದ ಬಿಳಿ ಅನ್ನ, ತುಪ್ಪ, ಬೆಳ್ಳುಳ್ಳಿ-ಮೆಣಸಿನ ಸಾರು. ಬೇಳೆ, ಕಾಳು, ಸೊಪ್ಪು, ಶೇಂಗಾ, ರೊಟ್ಟಿ ಕೊಟ್ಟಿಲ್ಲ. ಅಕ್ಕಿ ನಾಲ್ಕು ನೀರಲ್ಲಿ ತೊಳೆದು ಬಸಿದ ಅನ್ನ. ದಿನಕ್ಕೆ ನಾಲ್ಕು ಸಲ ಎಲೆ-ಅಡಿಕೆ, ಮೂರು ಸಲ ಚಹಾ.” ಗಮನಿಸಿ, ಹಳೆಯ ಪದವನ್ನು ಆಕೆ ಗೀಚಿ ಅಳಿಸಲಿಲ್ಲ. ಒಂದೇ ಗೆರೆಯ ಅಡಿಯಲ್ಲಿ ಅದು ಇನ್ನೂ ಓದಲು ಸಿಗುತ್ತದೆ. ತಪ್ಪು ಎಲ್ಲಾಯಿತು ಎಂದು ನಾಳೆ ಹುಡುಕುವವರಿಗೆ ಅದು ಬೇಕು.

ಈ ತಿದ್ದಿದ ಸಾಲನ್ನು ಪದಪದವಾಗಿ ಬಿಡಿಸಬೇಕು.

‘ಬಿಳಿ ಅನ್ನ’: ಅಕ್ಕಿಯ ಥಯಾಮಿನ್ ಇರುವುದು ತೌಡಿನಲ್ಲಿ, ಮೊಳಕೆಯ ಮೂತಿಯಲ್ಲಿ. ಪಾಲಿಶ್ ಎಂದರೆ ಅದನ್ನೇ ಕೆರೆದು ತೆಗೆಯುವುದು. ತೌಡು ದನಕ್ಕೆ, ಬಿಳುಪು ನಮಗೆ. ಜಾವಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ ಬೆರಿಬೆರಿಯ ರೋಗಾಣು ಹುಡುಕುತ್ತ ಕೋಳಿ ಸಾಕಿಕೊಂಡಿದ್ದ. ಕೋಳಿಗಳ ಕಾಲು ಸೋತವು, ಆಮೇಲೆ ತಾವಾಗಿ ವಾಸಿಯಾದವು. ವಿಚಾರಿಸಿದರೆ ಕಾರಣ ಅಡುಗೆಭಟ್ಟ. ಹಳೆಯ ಭಟ್ಟ ಸೈನಿಕ ಆಸ್ಪತ್ರೆಯ ಪಾಲಿಶ್ ಅಕ್ಕಿಯ ಅನ್ನ ಹಾಕುತ್ತಿದ್ದ. ಹೊಸಬ ಬಂದು, ಸೈನ್ಯದ ಅನ್ನ ಕೋಳಿಗಳಿಗೆ ಯಾಕೆ ಎಂದು ನಿಲ್ಲಿಸಿದ. 1929ರಲ್ಲಿ ಐಕ್ಮನ್‌ಗೆ ನೊಬೆಲ್ ಬಂತು. ಆ ಜಿಪುಣ ಭಟ್ಟನ ಹೆಸರನ್ನು ಯಾರೂ ಬರೆದಿಟ್ಟುಕೊಳ್ಳುವ ಗೋಜಿಗೆ ಹೋದಂತಿಲ್ಲ. ನಮ್ಮ ದೇಶದ ಪೌಷ್ಟಿಕಾಂಶ ಸಂಶೋಧನೆಯೂ ಶುರುವಾದದ್ದು ಇದೇ ಕಾಯಿಲೆಯಿಂದ: 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಕೂನೂರಿನಲ್ಲಿ ಒಂದೇ ಕೋಣೆಯಲ್ಲಿ ತೆರೆದ ಬೆರಿಬೆರಿ ವಿಚಾರಣಾ ಘಟಕವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, ಮುಂದೆ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು.

ಕರಾವಳಿಯವರು ಇಲ್ಲಿ ಮುಗುಳ್ನಗಬಹುದು. ಕುಚ್ಚಲಕ್ಕಿಯಲ್ಲಿ ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಥಯಾಮಿನ್ ಕಾಳಿನ ಒಳಗೆ ಇಳಿದು ಕೂರುತ್ತದೆ. ಆಮೇಲೆ ಮಿಲ್ಲಿಗೆ ಹಾಕಿದರೂ ಅಷ್ಟಾಗಿ ಹೋಗುವುದಿಲ್ಲ. ಜೋಳದ ಸೀಮೆಯವರ ರೊಟ್ಟಿಯೂ ಕಡಿಮೆಯದಲ್ಲ, ಜೋಳದಲ್ಲಿ ಪಾಲಿಶ್ ಅಕ್ಕಿಯ ಹಲವು ಪಟ್ಟು ಥಯಾಮಿನ್ ಇದೆ. ವ್ಯಂಗ್ಯ ಇರುವುದು ಇಲ್ಲೇ. ವರ್ಷವಿಡೀ ರೊಟ್ಟಿ ತಿಂದು ಗಟ್ಟಿಯಿದ್ದ ಹೆಂಗಸು, ಹೆತ್ತ ಮೇಲೆ “ರೊಟ್ಟಿ ತಿಂದರ ಕೂಸಿಗೆ ಹೊಟ್ಟಿನೋವು” ಎಂಬ ಮಾತಿಗೆ ಕಟ್ಟುಬಿದ್ದು ಮೆತ್ತನೆಯ ಬಿಳಿ ಅನ್ನಕ್ಕೆ ಇಳಿಯುತ್ತಾಳೆ. ಹಾಲೂಡಿಸುವವಳಿಗೆ ದಿನಕ್ಕೆ ಒಂದೂವರೆಯಿಂದ ಎರಡು ಮಿಲಿಗ್ರಾಂ ಥಯಾಮಿನ್ ಬೇಕಾದ ಕಾಲದಲ್ಲೇ ಅದು ಬರುವ ದಾರಿಗಳೆಲ್ಲ ಒಟ್ಟಿಗೆ ಮುಚ್ಚುತ್ತವೆ.

‘ಬೆಳ್ಳುಳ್ಳಿ-ಮೆಣಸಿನ ಸಾರು’: ಇದರಲ್ಲಿ ದೋಷವಿಲ್ಲ. ಬೆಳ್ಳುಳ್ಳಿಯಲ್ಲಿರುವ ಒಂದು ವಸ್ತು ಥಯಾಮಿನ್ ಜೊತೆ ಕೂಡಿದರೆ ಅದು ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ ಎಂದು ಜಪಾನಿನವರು 1950ರ ದಶಕದಲ್ಲಿ ಕಂಡುಕೊಂಡರು. ಕೂಡಲು ಮೊದಲು ಥಯಾಮಿನ್ ಇರಬೇಕಲ್ಲ!

‘ಕೊಟ್ಟಿಲ್ಲ’: ಕ್ರಿಯಾಪದದ ಕರ್ತೃ ಯಾರು? ಅವಳು ತಿಂದಿಲ್ಲ ಎಂದಲ್ಲ, ಅವಳಿಗೆ ಕೊಟ್ಟಿಲ್ಲ ಎಂದಿದೆ. ವೈದ್ಯೆ ಬೇಕೆಂದೇ ಬರೆದಳೋ, ಬಾಣಂತಿಯ ಮಾತು ಹಾಗೇ ಬಂತೋ, ಈ ಪದ ಸರಿಯಾಗಿದೆ. ಬೇಳೆ ವಾಯು, ಸೊಪ್ಪು ಥಂಡಿ, ಶೇಂಗಾ ಪಿತ್ತ, ಬದನೆ ನಂಜು. ಈ ಪಟ್ಟಿ ಮನೆಯ ಹಿರಿಯರದು. ಅದನ್ನು ಮೂಢನಂಬಿಕೆ ಎಂದು ಜರೆಯುವವರ ಜೊತೆ ನಾನಿಲ್ಲ. ಬಾಣಂತನದ ಶಾಸ್ತ್ರದಲ್ಲಿ ಎರಡು ಪಟ್ಟಿಗಳಿದ್ದವು. ಒಂದು, ಕೊಡಬೇಕಾದದ್ದು: ಅಂಟಿನುಂಡಿ, ಉತ್ತತ್ತಿ, ಕೊಬ್ಬರಿ, ಬಾದಾಮಿ, ಅಳವಿ ಪಾಯಸ. ಇನ್ನೊಂದು, ಬಿಡಬೇಕಾದದ್ದು. ಮೊದಲನೆಯದಕ್ಕೆ ದುಡ್ಡು ಬೇಕು, ಎರಡನೆಯದು ಪುಕ್ಕಟೆ. ಉಳ್ಳವರ ಮನೆಯಲ್ಲಿ ಎರಡೂ ನಡೆಯುತ್ತವೆ, ಒಂದು ಇನ್ನೊಂದನ್ನು ಸರಿದೂಗಿಸುತ್ತದೆ. ಇಲ್ಲದವರ ಮನೆಯಲ್ಲಿ ಅಂಟಿನುಂಡಿ ಹದಿನೈದು ದಿನಕ್ಕೆ ಮುಗಿಯುತ್ತದೆ, ಪಥ್ಯ ಮಾತ್ರ ಮೂರು ತಿಂಗಳು ಉಳಿಯುತ್ತದೆ.

‘ನಾಲ್ಕು ನೀರಲ್ಲಿ ತೊಳೆದು ಬಸಿದ’: ಥಯಾಮಿನ್ ನೀರಿನಲ್ಲಿ ಕರಗುತ್ತದೆ. ಪಾಲಿಶ್‌ನಿಂದ ಪಾರಾಗಿ ಬಂದ ಚೂರುಪಾರೂ ತೊಳೆದ ನೀರಿನಲ್ಲಿ, ಬಸಿದ ಗಂಜಿಯಲ್ಲಿ ಹೋಯಿತು. ‘ಎಲೆ-ಅಡಿಕೆ, ಚಹಾ’: ಎರಡರಲ್ಲೂ ಇರುವ ಒಗರು ಅಂಶ ಥಯಾಮಿನ್ ಅನ್ನು ಕೆಡಿಸುತ್ತದೆ. ಬಾಣಂತಿಗೆ ಊಟದ ಮೇಲೆ ತಾಂಬೂಲ ಕೊಡುವುದು ಅಕ್ಕರೆ; ರಸಾಯನಶಾಸ್ತ್ರಕ್ಕೆ ಅಕ್ಕರೆ ಅರ್ಥವಾಗುವುದಿಲ್ಲ.

ಇಲ್ಲೊಂದು ಮಾತು ಸೇರಿಸಲೇಬೇಕು. “ಗುಳಿಗಿ ತಗೊಳಾಕತ್ತೀನ್ರಿ” ಎಂದು ತಾಯಿ ಹೇಳಿದರೆ ನಾವು ನೆಮ್ಮದಿಯಿಂದ ಗುರುತು ಹಾಕುತ್ತೇವೆ. ಸರ್ಕಾರ ಬಾಣಂತಿಗೆ ಆರು ತಿಂಗಳು ಕೊಡುವ ಆ ಮಾತ್ರೆಯಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ, ಫೋಲಿಕ್ ಆಮ್ಲ. ಥಯಾಮಿನ್ ಇಲ್ಲ. ಪಡಿತರದ ಸಾರವರ್ಧಿತ ಅಕ್ಕಿಗೆ ಕಡ್ಡಾಯವೆಂದು ಗೊತ್ತುಮಾಡಿದ್ದು ಕಬ್ಬಿಣ, ಫೋಲಿಕ್ ಆಮ್ಲ, ಬಿ12. ಅಲ್ಲೂ ಥಯಾಮಿನ್ ಕಡ್ಡಾಯದ ಪಟ್ಟಿಯಲ್ಲಿಲ್ಲ. ಅಕ್ಕಿಯಿಂದ ನಾವು ಕೆರೆದು ತೆಗೆದದ್ದು ಯಾವುದೋ ಅದನ್ನು ಬಿಟ್ಟು ಬೇರೆ ಮೂರನ್ನು ತುಂಬಿದೆವು. ರಕ್ತಹೀನತೆ ದೊಡ್ಡ ಸಮಸ್ಯೆ, ಒಪ್ಪುತ್ತೇನೆ. ಆದರೂ ಈ ಲೆಕ್ಕ ನನಗೆ ಇಂದಿಗೂ ಬಗೆಹರಿದಿಲ್ಲ.

8. “ಥಯಾಮಿನ್ ಪರೀಕ್ಷೆ: ಸೌಲಭ್ಯವಿಲ್ಲ.”

ಪರೀಕ್ಷೆ ಇದೆ. ಕೆಂಪು ರಕ್ತಕಣದ ಒಂದು ಕಿಣ್ವದ ಚಟುವಟಿಕೆಯನ್ನು ಥಯಾಮಿನ್ ಸೇರಿಸಿಯೂ ಸೇರಿಸದೆಯೂ ಅಳೆದು ಹೋಲಿಸುವುದು ಒಂದು ವಿಧಾನ. ರಕ್ತದಲ್ಲಿ ಥಯಾಮಿನ್ ನೇರವಾಗಿ ಅಳೆಯುವುದು ಇನ್ನೊಂದು. ದೊಡ್ಡ ಸಂಶೋಧನಾಲಯಗಳನ್ನು ಬಿಟ್ಟರೆ ಸಿಗುವುದು ಕಷ್ಟ, ಫಲಿತಾಂಶ ಬರುವಷ್ಟು ಹೊತ್ತು ಈ ಮಗು ಕಾಯುವುದಿಲ್ಲ. ಸೌಲಭ್ಯವಿಲ್ಲ ಎಂದು ಬರೆದದ್ದು ಒಳ್ಳೆಯದೇ. ಪರೀಕ್ಷೆ ಮಾಡಿಲ್ಲ ಎಂಬುದಕ್ಕೂ ಪರೀಕ್ಷೆಯಲ್ಲಿ ಕೊರತೆ ಕಂಡಿಲ್ಲ ಎಂಬುದಕ್ಕೂ ವ್ಯತ್ಯಾಸ ಉಳಿಯುತ್ತದೆ. ಎಲ್ಲಿಗಾದರೂ ಕಳಿಸುವ ಅನುಕೂಲ ಇದ್ದರೆ ರಕ್ತವನ್ನು ಔಷಧಿಗೆ ಮೊದಲೇ ತೆಗೆದಿಡಬೇಕು. ಅದಕ್ಕಾಗಿ ಔಷಧಿಯನ್ನು ಮಾತ್ರ ತಡಮಾಡಬಾರದು.

9. “ರಾತ್ರಿ 9:40. ಥಯಾಮಿನ್ 100 ಮಿ.ಗ್ರಾಂ, ನಿಧಾನವಾಗಿ ರಕ್ತನಾಳಕ್ಕೆ.”

ಈ ಸಾಲಿನ ಅತಿ ಬೆಲೆಬಾಳುವ ಭಾಗ 9:40. ಇಲ್ಲಿ ಔಷಧಿಯೇ ಪರೀಕ್ಷೆ. ಹಾಗಾಗಿ ಗಡಿಯಾರವೇ ಪ್ರಯೋಗಾಲಯ. ವೇಳೆ ಬರೆಯದಿದ್ದರೆ ಮುಂದಿನ ಸಾಲಿಗೆ ಅರ್ಥವೇ ಇರುವುದಿಲ್ಲ. “ರಾತ್ರಿ ಕೊಡಲಾಯಿತು” ಎಂಬ ದಾಖಲೆ ಮಗುವನ್ನು ಉಳಿಸೀತು, ರೋಗನಿರ್ಣಯವನ್ನು ಉಳಿಸದು.

ಈ ಔಷಧಿಯನ್ನು 1936ರಲ್ಲಿ ಪ್ರಯೋಗಾಲಯದಲ್ಲಿ ಮೊದಲಿಗೆ ಸಂಶ್ಲೇಷಿಸಿದ ಅಮೆರಿಕದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ಪಕ್ಕದ ನೆಲ್ಲೂರಿನಲ್ಲಿ, ಮಿಷನರಿ ದಂಪತಿಯ ಮಗನಾಗಿ. ತರುಣನಾಗಿದ್ದಾಗ ಮನಿಲಾದಲ್ಲಿ ಅಕ್ಕಿಯ ತೌಡಿನ ಸಾರದ ಮೇಲೆ ಕೆಲಸ ಶುರುಮಾಡಿದವ. ಫಿಲಿಪೀನ್ಸ್‌ನಲ್ಲಿ ಆ ಸಾರವನ್ನು ಹನಿಹನಿಯಾಗಿ ಕುಡಿಸಿ ಶಿಶುಗಳನ್ನು ಉಳಿಸುತ್ತಿದ್ದ ಕಾಲ ಅದು. ಅದೇ ವಸ್ತು ಈಗ ಅಗ್ಗದ ಗಾಜಿನ ಶೀಷೆಯಲ್ಲಿ, ತಾಲ್ಲೂಕು ಆಸ್ಪತ್ರೆಯ ಅಲಮಾರಿನಲ್ಲಿ, ಸಾಮಾನ್ಯವಾಗಿ ಕುಡುಕರಿಗೆಂದು ಎತ್ತಿಟ್ಟ ಕಪಾಟಿನಲ್ಲಿ ಇರುತ್ತದೆ.

10. “ರಾತ್ರಿ 1:30. ಲ್ಯಾಕ್ಟೇಟ್ 6. ಮೂತ್ರ ಬಂತು. ಬೆಳಗ್ಗೆ 7:00. ಲ್ಯಾಕ್ಟೇಟ್ 2.1. ನಾಡಿ 138. ಹಾಲು ಕೇಳಿ ಅತ್ತಿತು.”

ವಾದ ಮಾಡುವವರು ಇದ್ದೇ ಇರುತ್ತಾರೆ. ಮಗುವಿಗೆ ಆಕ್ಸಿಜನ್ ಕೊಟ್ಟಿದ್ದರು, ಆ್ಯಂಟಿಬಯಾಟಿಕ್ ಕೊಟ್ಟಿದ್ದರು, ರಕ್ತದೊತ್ತಡದ ಔಷಧಿ ಕೊಟ್ಟಿದ್ದರು. ಯಾವುದರಿಂದ ಗುಣವಾಯಿತು ಎಂದು ಹೇಗೆ ಹೇಳುತ್ತೀರಿ? ನ್ಯಾಯವಾದ ಪ್ರಶ್ನೆ. ಉತ್ತರ ವೇಗದಲ್ಲಿದೆ. ಸೆಪ್ಸಿಸ್‌ನಿಂದ, ಅಂದರೆ ರಕ್ತದ ಸೋಂಕಿನಿಂದ, ಕುಸಿದ ಮಗು ನಾಲ್ಕು ತಾಸಿನಲ್ಲಿ ಅರ್ಧ ದಾರಿ, ಒಂದು ರಾತ್ರಿಯಲ್ಲಿ ಪೂರ್ತಿ ದಾರಿ ಹಿಂದಕ್ಕೆ ನಡೆಯುವುದಿಲ್ಲ. ಆ್ಯಂಟಿಬಯಾಟಿಕ್ ಮಧ್ಯಾಹ್ನದಿಂದಲೇ ನಡೆಯುತ್ತಿತ್ತು, ಅಷ್ಟು ಹೊತ್ತೂ ಲ್ಯಾಕ್ಟೇಟ್ ಏರುತ್ತಲೇ ಇತ್ತು. ಇಳಿದದ್ದು 9:40ರ ನಂತರ. ಒಂದೆರಡು ದಿನ ಬಿಟ್ಟು ಮತ್ತೆ ಎಕೋ ಮಾಡಿ, ಶ್ವಾಸಕೋಶದ ಒತ್ತಡ ಇಳಿದದ್ದನ್ನು ಬರೆದರೆ ಸಾಕ್ಷ್ಯ ಪೂರ್ಣ.

‘ಹಾಲು ಕೇಳಿ ಅತ್ತಿತು’ ಎಂದು ಬರೆದವಳು ನರ್ಸು. ಅತ್ತದ್ದು ಕೇಳಿಸಿತೇ, ದನಿ ಬಂದಿತ್ತೇ? ಅಷ್ಟು ಸೇರಿಸಿದ್ದರೆ ಮೂರನೆಯ ಸಾಲಿಗೆ ಉತ್ತರ ಸಿಗುತ್ತಿತ್ತು. ದನಿ ಮರಳುವುದು ಹೃದಯಕ್ಕಿಂತ ನಿಧಾನ, ವಾರಗಳೇ ಹಿಡಿಯಬಹುದು.

11. “ಅಂತಿಮ ನಿರ್ಣಯ: ಸೆಪ್ಸಿಸ್? ನ್ಯುಮೋನಿಯಾ? ಥಯಾಮಿನ್ ಕೊರತೆ?”

ಇಷ್ಟೆಲ್ಲ ಆದ ಮೇಲೆ ಮೂರು ಪ್ರಶ್ನಾರ್ಥಕ ಚಿಹ್ನೆ! ಪತ್ತೆಮಾಡಿದ ರೋಗವನ್ನು ಬರೆಯುವಾಗ ಕಳೆದುಕೊಳ್ಳುವುದು ಎಂದರೆ ಇದೇ. ರಾತ್ರಿ ಪಾಳಿಯ ವೈದ್ಯೆ ಕಂಡುಹಿಡಿದದ್ದನ್ನು ಬಿಡುಗಡೆಯ ದಿನ ಇನ್ಯಾರೋ ಅವಸರದಲ್ಲಿ ಸಂಶಯಕ್ಕೆ ತಳ್ಳಿದರು. ಆಮೇಲೆ ದಾಖಲೆ ಕೋಣೆಯಲ್ಲಿ ಕೋಡ್ ಹಾಕುವವರು ಮೊದಲು ಕಂಡದ್ದನ್ನು ತೆಗೆದುಕೊಳ್ಳುತ್ತಾರೆ: ಎ41, ಸೆಪ್ಸಿಸ್. ಬೆರಿಬೆರಿಗೆ ರೋಗಗಳ ಅಂತರರಾಷ್ಟ್ರೀಯ ಪಟ್ಟಿಯ ಹತ್ತನೆಯ ಆವೃತ್ತಿಯಲ್ಲಿ ಇ51.1 ಎಂಬ ಸ್ವಂತ ಮನೆಯಿದೆ. ಅಲ್ಲಿ ಯಾರೂ ವಾಸವಿಲ್ಲ ಎಂದು ಜಿಲ್ಲೆಯ ವರದಿ ಹೇಳುತ್ತದೆ, ಜಿಲ್ಲೆಯಲ್ಲಿ ಬೆರಿಬೆರಿ ಇಲ್ಲವೆಂದು ರಾಜ್ಯ ತಿಳಿಯುತ್ತದೆ, ಥಯಾಮಿನ್ ಮಾತ್ರೆ ಕೊಡುವ ಮಾತೇ ಏಳುವುದಿಲ್ಲ.

ಖಚಿತವಿಲ್ಲದಾಗ ಖಚಿತವೆಂದು ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಸಂಶಯಕ್ಕೂ ಮೆಟ್ಟಿಲುಗಳಿವೆ. ಲಕ್ಷಣ ಹೊಂದಿದರೆ ‘ಶಂಕಿತ’. ಲಕ್ಷಣದ ಜೊತೆ ತಾಯಿಯ ಊಟದ ವಿವರವೂ ಹೊಂದಿದರೆ ‘ಸಂಭವನೀಯ’. ಥಯಾಮಿನ್‌ಗೆ ಗಂಟೆಗಳಲ್ಲಿ ಸ್ಪಂದಿಸಿದ್ದು ಅಂಕಿಗಳಲ್ಲಿ ದಾಖಲಾಗಿದ್ದರೆ ಹೀಗೆ ಬರೆಯಬಹುದು: “ಶಿಶುವಿನ ಹೃದಯ ಬೆರಿಬೆರಿ, ಚಿಕಿತ್ಸೆಯ ಸ್ಪಂದನೆಯಿಂದ ನಿರ್ಣಯ, ರಕ್ತಪರೀಕ್ಷೆ ಆಗಿಲ್ಲ.” ಇದರಲ್ಲಿ ಸುಳ್ಳಿಲ್ಲ, ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ.

2003ರಲ್ಲಿ ಇಸ್ರೇಲಿನಲ್ಲಿ ಒಂದು ಸೋಯಾ ಹಾಲಿನ ಪುಡಿಗೆ ಥಯಾಮಿನ್ ಸೇರದೆ ಹೋಗಿ ಶಿಶುಗಳು ಕಾಯಿಲೆಬಿದ್ದವು, ಕೆಲವು ತೀರಿಕೊಂಡವು. ಬೇರೆ ಬೇರೆ ಶಿಶುಗಳ ಚೀಟಿಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲವೂ ಕುಡಿದದ್ದು ಒಂದೇ ಪುಡಿ ಎಂದು ವೈದ್ಯರು ಗುರುತಿಸಿದ್ದರಿಂದ ಮೂಲ ಸಿಕ್ಕಿತು. ಶಿಶು ಏನು ಕುಡಿಯುತ್ತಿತ್ತು ಎಂಬ ಸಾಲು ಆ ಚೀಟಿಗಳಲ್ಲಿ ಇತ್ತು.

12. “ಬಿಡುಗಡೆ. ಮಗುವಿಗೆ ಥಯಾಮಿನ್ ಮುಂದುವರಿಸುವುದು. ತಾಯಿಗೆ ಪೌಷ್ಟಿಕ ಆಹಾರ ಸಲಹೆ.”

‘ಪೌಷ್ಟಿಕ ಆಹಾರ’ ಎಂಬುದು ‘ಸಾಮಾನ್ಯ’ದ ಅಣ್ಣ. ಕೇಳಿದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಹೆಚ್ಚೆಂದರೆ ಇನ್ನೊಂದು ಚಮಚ ತುಪ್ಪ ಬೀಳುತ್ತದೆ. ಬರೆಯಬೇಕಾದದ್ದು ಪದಾರ್ಥಗಳ ಹೆಸರು: ತೊಗರಿಬೇಳೆ, ಹೆಸರುಕಾಳು, ಶೇಂಗಾ, ಎಳ್ಳು, ಜೋಳದ ರೊಟ್ಟಿ, ಅಕ್ಕಿ ಒಂದೇ ನೀರಲ್ಲಿ ತೊಳೆದು, ಬಸಿಯದ ಅನ್ನ, ಎಲೆ-ಅಡಿಕೆ ಬಂದ್. ಹೇಳಬೇಕಾದದ್ದು ಬಾಣಂತಿಗಲ್ಲ, ಅಡುಗೆಮನೆಯ ಒಡತಿಗೆ. ಅಜ್ಜಿಯನ್ನು ಕೂರಿಸಿಕೊಂಡು, “ನಿಮ್ಮ ಆರೈಕೆ ಸರಿ ಇದೆ, ಇದೊಂದು ಸೇರಿಸಿ” ಎಂದರೆ ಕೇಳುತ್ತಾಳೆ. “ನಿಮ್ಮ ಪಥ್ಯದಿಂದ ಹೀಗಾಯಿತು” ಎಂದರೆ ಮುಂದಿನ ಮೊಮ್ಮಗುವನ್ನು ಆಸ್ಪತ್ರೆಗೆ ತರುವುದೇ ತಡವಾದೀತು.

ಇನ್ನೊಂದು ಲೋಪ. ತಾಯಿಗೂ ಥಯಾಮಿನ್ ಮಾತ್ರೆ ಬೇಕು, ಆ ಹಾಲು ಸರಿಹೋಗಬೇಕಾದರೆ. “ಕಾಲು ಜುಂ ಅಂತಾವೇನು, ಕುಂತು ಏಳಾಕ ತ್ರಾಸ ಆಗತೈತೇನು” ಎಂದು ಯಾರೂ ಅವಳನ್ನು ಕೇಳಲಿಲ್ಲ. ಅವಳ ಹೆಸರಿನಲ್ಲಿ ಚೀಟಿಯೇ ಇಲ್ಲ. ಹಾಸಿಗೆ ಒಂದು, ರೋಗಿಗಳು ಇಬ್ಬರು, ಕೇಸ್ ಶೀಟು ಒಂದೇ.

ಆಶಾ ಕಾರ್ಯಕರ್ತೆಯರ ನವಜಾತ ಶಿಶು ಭೇಟಿಗಳು 42ನೆಯ ದಿನಕ್ಕೆ ಮುಗಿಯುತ್ತವೆ. ಮುಂದಿನ ಸುತ್ತಿನ ಭೇಟಿ ಮೂರನೆಯ ತಿಂಗಳಲ್ಲಿ. ಈ ಕಾಯಿಲೆ ಕೂಸಿನ ಮೈಯಲ್ಲಿ ಬೇರೂರುವುದು ಆ ನಡುವಿನ ವಾರಗಳಲ್ಲಿ. ಅಕ್ಕಂದಿರೇ, 42ನೆಯ ದಿನ ಮಗುವಿನ ತೂಕ ಬರೆದ ಮೇಲೆ ಪುಟ ಮಗುಚುವ ಮುಂಚೆ ಬಾಣಂತಿಯನ್ನು ಒಂದು ಮಾತು ಕೇಳಿ: ನಿನ್ನೆ ತಟ್ಟೆಯಲ್ಲಿ ಅನ್ನದ ಜೊತೆ ಏನಿತ್ತು? ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಳ್ಳಿ.